ಎಂಟು ವ್ಯಾಟಿನ ಕಹಳೆ

ಆ ಬುಧವಾರ ಬೆಳಿಗ್ಗೆ ಎದ್ದವಳೇ ಡೈರಿಯಲ್ಲಿ ಬರೆದದ್ದು ಒಂದೇ ಸಾಲು: ‘ನಿನ್ನೆ ನಾನು ತಲೆಯಾಡಿಸಬಾರದಿತ್ತು.’ ಬರೆದು ಅಡಿಗೆರೆ ಎಳೆದೆ. ಗೆರೆ ಎಳೆದ ಮೇಲೆ ಅದು ಇನ್ನೂ ದೊಡ್ಡ ತಪ್ಪಾಗಿ ಕಂಡು ಪುಟವನ್ನೇ ಮಡಿಸಿಬಿಟ್ಟೆ. ಅಮ್ಮ ಒಳಗಿನಿಂದ, “ಏನೇ ಶಾಲೂ, ಆಗಿನಿಂದ ಅದೇನು ಪುರಾಣ ಬರೀತಿದ್ದೀಯ, ದೋಸೆ ಆರಿಹೋಯ್ತು” ಎಂದಳು. ಒಂದು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತೆಂದು ಅವಳಿಗೆ ಹೇಗೆ ಹೇಳುವುದು? ಹೋಗಿ ತಿಂದೆ. ದೋಸೆ ನಿಜವಾಗಿಯೂ ಆರಿತ್ತು. ಚೆನ್ನಾಗಿದೆಯಾ ಎಂದು ಅಮ್ಮ ಕೇಳಿದಾಗ ಮತ್ತೆ ತಲೆಯಾಡಿಸಿದೆ.

ಹಾಗೆ ನೋಡಿದರೆ ನಮ್ಮೂರಿನಲ್ಲಿ ತಲೆಯಾಡಿಸುವುದು ತಪ್ಪಲ್ಲ, ಮರ್ಯಾದೆ. ದಿನಾ ನಾಲ್ಕು ಗಂಟೆಗೆ ಊರಿನ ಮೇಲೆ ಕಂಬಳಿ ಬೀಳುತ್ತದೆ, ಐದಕ್ಕೆ ಏಳುತ್ತದೆ. ಸದ್ದನ್ನಷ್ಟೇ ಮುಚ್ಚುವ ಕಂಬಳಿ, ಕಣ್ಣಿಗೆ ಕಾಣುವಂಥದಲ್ಲ. ಕಾಗೆ ಕೊಂಬೆಯ ಮೇಲೆ ಬಾಯಿ ತೆರೆದೇ ಇರುತ್ತದೆ, ಕೂಗು ಮಾತ್ರ ಕೆಳಗಿಳಿಯುವುದಿಲ್ಲ. ಆ ಒಂದು ಗಂಟೆ ಆಡಿದ ಮಾತು ಮೂರು ಹೆಜ್ಜೆ ನಡೆದು ಅಲ್ಲೇ ಕೂತುಬಿಡುತ್ತದೆ. ಹಾಗಾಗಿ ಬಸ್ಸಿನಲ್ಲಿ ಕಂಡಕ್ಟರ್ ದ್ಯಾಮಣ್ಣ ಡ್ರೈವರಿನ ಮೊಣಕೈಗೆ ಒಂದು ದಾರ ಕಟ್ಟಿಕೊಂಡಿರುತ್ತಾನೆ. ಒಂದು ಜಗ್ಗಿದರೆ ನಿಲ್ಲು, ಎರಡು ಜಗ್ಗಿದರೆ ಹೊರಡು. ಸೊಪ್ಪಿನವರು ಬೆರಳಲ್ಲಿ ವ್ಯಾಪಾರ ಮಾಡುತ್ತಾರೆ. ಜಗಳಕ್ಕೆ ನಿಂತವರು ಗಡಿಯಾರ ನೋಡಿಕೊಂಡು, ಮುಖ್ಯವಾದ ಬೈಗುಳಗಳನ್ನು ನಾಲ್ಕರೊಳಗೆ ಮುಗಿಸಿಬಿಡುತ್ತಾರೆ. ಮಿಕ್ಕದ್ದನ್ನು ಐದಕ್ಕೆ ಮುಂದುವರಿಸೋಣವೆಂದರೆ ಅಷ್ಟರಲ್ಲಿ ಕಾಫಿಯ ಹೊತ್ತಾಗಿರುತ್ತದೆ.

ಕಂಬಳಿಯೊಳಗೆ ದೂರದಿಂದ ಯಾರಾದರೂ ತುಟಿಯಾಡಿಸಿದರೆ ತಲೆಯಾಡಿಸಬೇಕು. ‘ಏನಂದ್ರಿ, ಕೇಳಿಸಲಿಲ್ಲ’ ಎಂದು ಸನ್ನೆ ಮಾಡುವುದು ಎದುರಿಗಿದ್ದವರನ್ನು ಸಣ್ಣವರನ್ನಾಗಿ ಮಾಡಿದಂತೆ. ನಮ್ಮ ಚಿಕ್ಕಮ್ಮನ ಮದುವೆ ಆದದ್ದೇ ಹೀಗೆ. ರಸ್ತೆಯಾಚೆ ನಿಂತಿದ್ದ ಒಬ್ಬರು ಕೈಯೆತ್ತಿ ಏನೋ ಅಂದರು, ಬಾವಿಗೆ ದಾರಿ ಕೇಳುತ್ತಿದ್ದಾರೆಂದುಕೊಂಡು ತಾತ ತಲೆಯಾಡಿಸಿದರು, ಐದು ಗಂಟೆಗೆ ಅವರು ಹಣ್ಣಿನ ತಟ್ಟೆಯ ಸಮೇತ ಬಂದರು. ಚಿಕ್ಕಪ್ಪ ಒಳ್ಳೆಯವರೇ, ಅದು ಬೇರೆ ಮಾತು.

ನನಗೆ ಕಂಬಳಿಯ ಹೊತ್ತು ಇಷ್ಟ. ಮಿಕ್ಕ ಇಪ್ಪತ್ಮೂರು ಗಂಟೆ ನಾನು ಮಾತಾಡದ ಹುಡುಗಿ, ಆ ಒಂದು ಗಂಟೆ ಎಲ್ಲರಂಥ ಹುಡುಗಿ. ಭೌತಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಬಂದ ಮೇಲೆ ಕೆಲಸವಿಲ್ಲದೆ ಅಳತೆ ಮಾಡುತ್ತ ಕೂತೆ. ಯಾರ ದನಿ ಕಂಬಳಿಯೊಳಗೆ ಎಷ್ಟು ಹೆಜ್ಜೆ ಹೋಗುತ್ತದೆಂದು ಒಂದು ಗ್ರಾಫ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಸಾಧಾರಣ ಜನರದ್ದು ಮೂರು. ಹೆಡ್‌ಮೇಡಮ್ಮಿನದು ಐದು. ನನ್ನದು ಒಂದೂವರೆ. ತಬಸ್ಸುಮಳದು ಹನ್ನೊಂದು, ಅದಕ್ಕಿಂತ ದೂರ ಹೋದ ದನಿ ನಮ್ಮೂರಿನಲ್ಲಿ ಇಲ್ಲ.

ತಬಸ್ಸುಮ್ ಕಾಲೇಜಿನಲ್ಲಿ ನನ್ನದೇ ಬೆಂಚಿನವಳು. ಅವಳ ಬಗ್ಗೆ ಡೈರಿಯಲ್ಲಿ ನಾನು ಎಷ್ಟು ಪುಟ ಬರೆದಿದ್ದೇನೆಂದು ಗೊತ್ತಾದರೆ ನಗುತ್ತಾಳೆ. ಬೇಕಾದ್ದನ್ನು ಬೇಕು ಅನ್ನುತ್ತಾಳೆ, ಬೇಡವಾದ್ದನ್ನು ಬೇಡ ಅನ್ನುತ್ತಾಳೆ, ನಡುವೆ ಉಗುಳು ನುಂಗುವುದಿಲ್ಲ. ಅವಳದೊಂದು ರಾಕ್ ಬ್ಯಾಂಡು. ಅವಳು ಗಿಟಾರ್ ಹಿಡಿದು ಹಾಡುವುದು, ಬೇಕರಿಯ ಇಗ್ನೇಷಿಯಸ್ ಬೇಸ್ ಗಿಟಾರ್ ನುಡಿಸುವುದು, ಬಸ್ಸಿನ ಡ್ಯೂಟಿ ಇಲ್ಲದ ದಿನ ದ್ಯಾಮಣ್ಣ ಡ್ರಮ್ ಬಾರಿಸುವುದು. ಮೈದಾನದಲ್ಲಿ ನುಡಿಸಲು ಅನುಮತಿ ಕೇಳಿದಾಗ ಪಂಚಾಯಿತಿಯವರು ಬೆಳಿಗ್ಗೆ ಬೇಡ, ಪೂಜೆ-ನಮಾಜಿನ ಹೊತ್ತು ಎಂದರು. ಹಗಲು ಬೇಡ, ಶಾಲೆ ಇರುತ್ತದೆ ಎಂದರು. ಸಂಜೆ ಬೇಡ, ಮಕ್ಕಳು ಓದಬೇಕು ಎಂದರು. ಕೊನೆಗೆ ನಾಲ್ಕರಿಂದ ಐದಕ್ಕೆ ಎಂದು ಬರೆದುಕೊಟ್ಟರು. ಆಗ ಯಾರಿಗೂ ತೊಂದರೆ ಇಲ್ಲವಂತೆ.

ಎರಡು ವರ್ಷ ಅವರು ಕಂಬಳಿಯೊಳಗೆ ನುಡಿಸಿದರು. ಮೈದಾನದ ಆ ಕೊನೆಗೆ ನೀರಿನ ಟ್ಯಾಂಕಿದೆ, ಅದರ ಮೆಟ್ಟಿಲ ಮೇಲೆ ನೆರಳಿಗೆ ಅರ್ಧ ಊರು ಕೂರುತ್ತದೆ. ಹಾಡು ಮುಗಿದಾಗಲೆಲ್ಲ ಇಡೀ ಮೆಟ್ಟಿಲ ಸಾಲು ತಲೆಯಾಡಿಸುತ್ತಿತ್ತು. ತಬಸ್ಸುಮ್ ಬಗ್ಗಿ ಸಲಾಂ ಮಾಡುತ್ತಿದ್ದಳು. ಒಂದು ದಿನ ಐದು ಗಂಟೆಯ ಮೇಲೆ ಟೈಲರ್ ಪದ್ಮಾವತಮ್ಮ ಪ್ರೀತಿಯಿಂದಲೇ ಕೇಳಿದರು: “ಅಲ್ಲಮ್ಮಾ, ದಿನಾ ಇಷ್ಟೊಂದು ಸಾಮಾನು ಹೊತ್ತು ತಂದು ಜೋಡಿಸ್ತೀರಲ್ಲ, ಶುರು ಮಾಡೋದು ಯಾವಾಗ?”

ಅವತ್ತು ತಬಸ್ಸುಮ್ ನಮ್ಮ ಮನೆಯ ಜಗಲಿಯಲ್ಲಿ ಕೂತು ಅತ್ತಳು. ಅತ್ತದ್ದಕ್ಕಿಂತ ಹೆಚ್ಚಾಗಿ ಬೈದಳು. “ಎರಡು ವರ್ಷ ಕಣೇ! ಎರಡು ವರ್ಷ ನಾನು ಗೋಡೆಗೆ ಹಾಡಿದೀನಿ. ಗೋಡೆ ಆದ್ರೂ ತಲೆಯಾಡಿಸಲ್ಲ. ಒಬ್ಬರಾದ್ರೂ, ಅರೆ, ಒಬ್ಬರಾದ್ರೂ ‘ಏನೂ ಕೇಳಿಸ್ತಿಲ್ಲ ಮಗಳೇ, ಮನೆಗೆ ಹೋಗು’ ಅನ್ನಬಾರದಾ?” ಆಮೇಲೆ ದುಪಟ್ಟಾದಲ್ಲಿ ಮೂಗೊರೆಸಿಕೊಂಡು ನನ್ನತ್ತ ತಿರುಗಿದಳು. “ಇನ್ಮೇಲೆ ನೀನು ನೋಡ್ಕೋಬೇಕು. ನೀನು ಮಾತಾಡಲ್ಲ ನಿಜ, ಆದ್ರೆ ನಿನ್ನ ಪುಸ್ತಕದಲ್ಲಿ ಸುಳ್ಳು ಇರಲ್ಲ. ನೀನು ಕೇಳಿಸ್ತು ಅಂತ ಬರೆದ್ರೆ ಕೇಳಿಸ್ತು ಅಂತ.” ನಾನು ತಲೆಯಾಡಿಸಿದೆ. ಅವತ್ತಿನದು ಮಾತ್ರ ಮನಸ್ಸಿನಿಂದ ಆಡಿಸಿದ್ದು.

ಊರಿನಲ್ಲಿ ಇದ್ದದ್ದು ಒಂದೇ ಆಂಪ್ಲಿಫೈಯರ್, ಮುಚ್ಚಿಹೋದ ಟಾಕೀಸಿನದು. ಗಾಜಿನ ವಾಲ್ವುಗಳು ಬಿಸಿಯಾಗಿ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಒಂದು ಸಂತೋಷ. ಆದರೆ ಅದರ ಶಕ್ತಿ ಎಂಟು ವ್ಯಾಟು. ಎಂಟೇ. ಅದಕ್ಕಿಂತ ಒಂದು ಹನಿ ಹೆಚ್ಚು ಕೇಳಿದರೆ ಗೊರಗೊರ ಎನ್ನುತ್ತದೆ. ಆದ್ದರಿಂದ ಕರೆಂಟನ್ನು ಕಡಿಮೆ ತಿಂದು ಸದ್ದನ್ನು ಹೆಚ್ಚು ಕೊಡುವ ಸ್ಪೀಕರ್ ಪೆಟ್ಟಿಗೆಯನ್ನು ನಾವೇ ಮಾಡಿಕೊಳ್ಳಬೇಕಿತ್ತು. ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ಗೆದ್ದಲು ಅರ್ಧ ತಿಂದ ಒಂದು ನಕ್ಷೆ ಪುಸ್ತಕ ಸಿಕ್ಕಿತು. ಅದರಲ್ಲಿ ಪೂರ್ತಿ ಉಳಿದಿದ್ದ ನಕ್ಷೆಗಳು ಮೂರು. ಮೊದಲನೆಯದು ಎಲ್ಲ ಕಡೆ ಮುಚ್ಚಿದ ಚಿಕ್ಕ ಪೆಟ್ಟಿಗೆ, ಮನೆಯ ಶೆಲ್ಫಿನಲ್ಲಿಡುವಂಥದು. ಎರಡನೆಯದು ಸೊಂಟದೆತ್ತರದ ಪೆಟ್ಟಿಗೆ, ಹದಿನೈದಿಂಚಿನ ಸ್ಪೀಕರಿನ ಕೆಳಗೆ ಗಾಳಿಯಾಡುವ ಒಂದು ಕಿಂಡಿ. ಮೂರನೆಯದು ಕಹಳೆ. ಅದೇ ಹದಿನೈದಿಂಚಿನ ಸ್ಪೀಕರನ್ನು ಹೊಟ್ಟೆಯೊಳಗೆ ಬಚ್ಚಿಟ್ಟು, ಸದ್ದನ್ನು ಸಣ್ಣ ಗಂಟಲಿನಿಂದ ಹೊರಡಿಸಿ, ಸೀರೆ ಮಡಿಸಿದಂತೆ ಮಡಿಸಿದ ದಾರಿಯಲ್ಲಿ ಸುತ್ತಿಸಿ ಅಗಲವಾದ ಬಾಯಿಂದ ಬಿಡುವ ಪೆಟ್ಟಿಗೆ. ಅದು ಬೀರುವಿನಷ್ಟು ದೊಡ್ಡದು.

ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಎಂದು ಪುಸ್ತಕದಲ್ಲೇ ಬರೆದಿತ್ತು: ಚಿಕ್ಕದಕ್ಕೆ ಎಂಬತ್ತೇಳು ಡೆಸಿಬಲ್, ಕಿಂಡಿಯದಕ್ಕೆ ತೊಂಬತ್ತಾರು, ಕಹಳೆಗೆ ನೂರೈದು. ನೋಡುವುದಕ್ಕೆ ಒಂಬತ್ತೊಂಬತ್ತರ ಮೆಟ್ಟಿಲು ಅಷ್ಟೆ. ಆದರೆ ಮೂರು ಡೆಸಿಬಲ್ ಏರಿಸಬೇಕಾದರೆ ವ್ಯಾಟು ಎರಡರಷ್ಟು ಬೇಕು, ಒಂಬತ್ತು ಏರಿಸಬೇಕಾದರೆ ಎಂಟರಷ್ಟು. ಕಹಳೆ ಎಂಟು ವ್ಯಾಟಿನಲ್ಲಿ ಮಾಡುವ ಸದ್ದಿಗೆ ಕಿಂಡಿಯ ಪೆಟ್ಟಿಗೆ ಅರವತ್ನಾಲ್ಕು ವ್ಯಾಟ್ ಕೇಳುತ್ತದೆ, ಚಿಕ್ಕದು ಐನೂರ ಹನ್ನೆರಡು. ಈ ಲೆಕ್ಕ ಮಾಡಿದ ದಿನ ನಾನು ಖುಷಿಗೆ ಪೆನ್ಸಿಲ್ ಕಚ್ಚಿ ಮುರಿದೆ. ಯಾರಿಗೂ ಕಿರುಚಲು ಹೇಳದೆ, ಬರೀ ದಾರಿಯ ಆಕಾರ ಬದಲಿಸಿ, ಅದೇ ಉಸಿರನ್ನು ಅಷ್ಟು ದೂರ ಕಳಿಸಬಹುದು! ಒಂದೇ ಕೊರತೆ, ತೀರಾ ಕೆಳಗಿನ ಗುಡುಗು ಕಹಳೆಯಲ್ಲಿ ಬರುವುದಿಲ್ಲ. ಪೆಟ್ಟಿಗೆ ಚಿಕ್ಕದಿರಬೇಕು, ದನಿ ಆಳವಿರಬೇಕು, ಸದ್ದು ಜೋರಿರಬೇಕು ಎಂದರೆ ಮೂರನ್ನೂ ಯಾವ ಮರವೂ ಕೊಡುವುದಿಲ್ಲ, ಒಂದನ್ನು ಬಿಡಬೇಕು. ಚಿಕ್ಕದನ್ನು ನಾವು ಸಲೀಸಾಗಿ ಬಿಟ್ಟೆವು. ಆಳ ಬಿಡುವುದೋ ದೂರ ಬಿಡುವುದೋ ಎನ್ನುವಲ್ಲಿ ಸಿಕ್ಕಿಕೊಂಡೆವು.

ಪೆಟ್ಟಿಗೆ ಮಾಡುವವರು ಚೂಡಕ್ಕ. ಪೂರ್ತಿ ಹೆಸರು ಚೂಡಾಮಣಿ, ಬಡಗಿ ಕೆಲಸ ಅವರ ತಂದೆಯಿಂದ ಬಂದದ್ದು. ಐವತ್ತೈದು ದಾಟಿದ, ಬೆಳ್ಳುಳ್ಳಿ ಬಣ್ಣದ ಕೂದಲಿನ, ಕಿವಿಯ ಮೇಲೆ ಓಲೆಯ ಜೊತೆಗೆ ಪೆನ್ಸಿಲನ್ನೂ ಧರಿಸುವ ಹೆಂಗಸು. ಶಾಲೆಯ ಬೆಂಚುಗಳನ್ನು ಮಾಡಿದವರು ಅವರೇ. ಬೆಂಚಿನ ಅಡಿಭಾಗಕ್ಕೂ ಮರಳುಕಾಗದ ಹಾಕಿ ಉಜ್ಜುತ್ತಿದ್ದರಂತೆ. ಅಲ್ಲಿ ಯಾರು ನೋಡ್ತಾರೆ ಎಂದು ಯಾರೋ ನಕ್ಕದ್ದಕ್ಕೆ, “ಮಕ್ಕಳ ಬೆರಳು ನೋಡುತ್ತೆ” ಎಂದರಂತೆ. ಹತ್ತು ವರ್ಷ ಆ ಬೆಂಚಿನಲ್ಲಿ ಕೂತು, ಉತ್ತರ ಗೊತ್ತಿದ್ದೂ ಕೈಯೆತ್ತಲಾರದೆ, ಅದರ ಅಡಿಯನ್ನು ಬೆರಳಿನಿಂದ ಸವರುತ್ತಿದ್ದವಳು ನಾನು. ಒಂದು ಸಿಬರೂ ಚುಚ್ಚಿದ್ದು ನೆನಪಿಲ್ಲ.

ಅವರು ಮರವನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಒಂದು ಕ್ಷಣ ಸುಮ್ಮನಿರುತ್ತಾರೆ. “ಇದು ಹೇಳಿದ ಮಾತು ಕೇಳಲ್ಲ, ಪಕ್ಕಕ್ಕಿಡು” ಅನ್ನುತ್ತಾರೆ. ಹಲಗೆಯ ಮೇಲೆ ಹತ್ತರಿ ಹೊಡೆದರೆ ಸಿಪ್ಪೆ ಹರಿಯದೆ ಮೊಳದುದ್ದ ಸುರುಳಿಯಾಗಿ ಇಳಿಯುತ್ತದೆ. ಗರಗಸದ ಕೆಲಸವನ್ನೆಲ್ಲ ಕಂಬಳಿಯ ಹೊತ್ತಿಗೇ ಇಟ್ಟುಕೊಳ್ಳುತ್ತಾರೆ, ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂದು. ಅದಕ್ಕೆ ಅವರ ಶೆಡ್ಡಿನಲ್ಲೊಂದು ಕಟ್ಟುನಿಟ್ಟು ಇದೆ. ಗರಗಸದ ಮೇಜಿನಿಂದ ಹದಿನೈದು ಹೆಜ್ಜೆ ಈಚೆಗೆ ಅಡ್ಡಲಾಗಿ ಕೆಂಪು ಹಗ್ಗ ಕಟ್ಟಿರುತ್ತದೆ. ಗರಗಸದ ಚಕ್ರ ತಿರುಗುವಾಗ ಕೆಲಸದವರ ಹೊರತು ಯಾರೂ ಅದನ್ನು ದಾಟುವಂತಿಲ್ಲ. ಕಂಬಳಿಯೊಳಗೆ ‘ಹುಷಾರು’ ಎಂದು ಕೂಗಿದರೆ ಯಾರಿಗೆ ಕೇಳಿಸಬೇಕು?

ಕಹಳೆಯ ನಕ್ಷೆಯನ್ನು ಚೂಡಕ್ಕ ಒಂದು ಸಂಜೆಯೆಲ್ಲ ನೋಡಿದರು. ಮರುದಿನ ಹೋದರೆ ಹಲಸಿನ ಮರದ ಚೂರುಗಳಿಂದ ಮಾಡಿದ ಒಂದು ಪುಟ್ಟ ಕಹಳೆ ಮೊಳೆಗೆ ನೇತಾಡುತ್ತಿತ್ತು. ತೋಳುದ್ದ, ಒಂದು ತುದಿ ರೂಪಾಯಿ ನಾಣ್ಯದಷ್ಟು, ಇನ್ನೊಂದು ತುದಿ ಮೊರದಷ್ಟು. “ಮಡಿಕೆ ಬಿಚ್ಚಿದ್ರೆ ಹೇಗಿರುತ್ತೆ ಅಂತ ಕೈ ಕೇಳ್ತು, ಮಾಡಿಕೊಟ್ಟೆ” ಎಂದರು. ನಾನು ಒಳಗೆ ಬೆರಳಾಡಿಸಿದೆ. ಒಳಗೂ ಉಜ್ಜಿದ್ದರು. ಆಮೇಲೆ ಅದರ ಗಂಟಲಿಗೊಂದು ಬಟ್ಟೆ ತುರುಕಿ, ಬಾಯಿ ಮೇಲೆ ಮಾಡಿ, ಪೆನ್ಸಿಲು ಹಾಕಿಡಲು ಅದೇ ಮೊಳೆಗೆ ನೇತುಹಾಕಿದರು.

ಯಾವುದನ್ನು ಮಾಡುವುದೆಂದು ತೀರ್ಮಾನವಾದ ದಿನ ಎಲ್ಲರೂ ಶೆಡ್ಡಿನಲ್ಲಿದ್ದೆವು. ಟಾಕೀಸಿನ ಪರದೆಯ ಹಿಂದಿನಿಂದ ಬಿಚ್ಚಿ ತಂದ ಆರು ಪ್ಲೈವುಡ್ ಹಲಗೆಗಳು ಗೋಡೆಗೊರಗಿದ್ದವು. ಅಂಥ ಪ್ಲೈವುಡ್ ನಮ್ಮೂರಿಗೆ ಮತ್ತೆ ಬರುವಂಥದ್ದಲ್ಲ. ಆರು ಹಲಗೆಯಲ್ಲಿ ಎರಡನೆಯದನ್ನೂ ಮಾಡಬಹುದು, ಮೂರನೆಯದನ್ನೂ ಮಾಡಬಹುದು. ಒಂದಕ್ಕೆಂದು ಕೊಯ್ದರೆ ಇನ್ನೊಂದಕ್ಕೆ ಬಾರದು.

“ಹೊಟ್ಟೆ ನಡುಗಬೇಕು ಚೂಡಕ್ಕ” ಎಂದ ಇಗ್ನೇಷಿಯಸ್. “ನನ್ನ ಬೇಸಿನ ದಪ್ಪ ತಂತಿ ಮುಟ್ಟಿದ್ರೆ ಬೇಕರಿಯಲ್ಲಿ ಬನ್ನು ಉಬ್ಬಬೇಕು. ಆ ಕಹಳೆಯಲ್ಲಿ ಕೆಳಗಿನ ದನಿ ಬರಲ್ವಂತೆ. ಕಿಂಡೀದೇ ಮಾಡಿ.”

“ನಿನ್ನ ಬನ್ನು ಹೇಗೂ ಉಬ್ಬಲ್ಲ ಬಿಡು” ಎಂದ ದ್ಯಾಮಣ್ಣ. “ಮೊನ್ನೆ ತಗೊಂಡದ್ದನ್ನ ಬಸ್ಸಿನ ಚಕ್ರಕ್ಕೆ ಅಡ್ಡ ಕೊಟ್ಟಿದೀನಿ, ಗಟ್ಟಿಯಾಗಿ ನಿಂತಿದೆ.”

“ಸುಮ್ನಿರ್ರೋ” ಎಂದಳು ತಬಸ್ಸುಮ್. “ಶಾಲ್ಮಲಾ ಲೆಕ್ಕ ಮಾಡಿದಾಳೆ. ಹೇಳೇ, ಯಾವುದು?”

ಎಲ್ಲರೂ ನನ್ನನ್ನೇ ನೋಡಿದರು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿ ಇತ್ತು: ‘ಕಹಳೆ. ಆಳ ಸ್ವಲ್ಪ ಬಿಡೋಣ. ಟ್ಯಾಂಕಿನ ಮೆಟ್ಟಿಲಿಗೆ ತಲುಪೋದು ಅದೊಂದೇ.’ ಬಾಯಿ ತೆರೆಯುವಷ್ಟರಲ್ಲಿ ಶೆಡ್ಡಿನ ಹೊರಗಿನ ಕಾಗೆ ಸುಮ್ಮನಾಯಿತು. ಕಂಬಳಿ ಬಿದ್ದಿತ್ತು. ಚೂಡಕ್ಕ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಎರಡು ಬೆರಳೆತ್ತಿ ಹುಬ್ಬು ಹಾರಿಸಿದರು, ಎರಡನೇದೇ ತಾನೇ? ಹತ್ತಿರ ಹೋಗಿ ಇಲ್ಲವೆನ್ನಲು ಮೂರು ಹೆಜ್ಜೆ ಸಾಕಾಗಿತ್ತು. ನಾನು ತಲೆಯಾಡಿಸಿದೆ. ಅವರ ಮುಖದಲ್ಲಿ ಎಷ್ಟು ನೆಮ್ಮದಿ ಬಂತೆಂದರೆ, ಐದು ಗಂಟೆಗೆ ಅದನ್ನು ಕೆಡಿಸುವ ಧೈರ್ಯ ನನಗಿರಲಿಲ್ಲ.

ಒಳ್ಳೆಯ ಹಲಗೆ ಮುಟ್ಟುವ ಮೊದಲು ಚೂಡಕ್ಕ ಪ್ಯಾಕಿಂಗ್ ಮರದಲ್ಲಿ ಒಂದು ಪೆಟ್ಟಿಗೆ ಮಾಡಿ ನೋಡೋಣವೆಂದರು. ಪ್ಯಾಕಿಂಗ್ ಮರದ್ದೇ ಆದರೂ ಅದನ್ನು ನೋಡಲು ಜನ ಬಂದರು. ಮೂಲೆಗಳಲ್ಲಿ ಹಲಗೆಗೆ ಹಲಗೆ, ಎರಡು ಕೈಗಳ ಬೆರಳು ಹೆಣೆದಂತೆ ಕೂತಿದ್ದವು, ಮೊಳೆಯೇ ಇಲ್ಲ. ಮಂಗಳವಾರ ನಾಲ್ಕಕ್ಕೆ ಅದನ್ನು ಮೈದಾನದಲ್ಲಿಟ್ಟು ಪರೀಕ್ಷೆ. ಹತ್ತು ಹೆಜ್ಜೆಗೆ ಒಬ್ಬರಂತೆ ಹತ್ತು ಜನರನ್ನು ನಿಲ್ಲಿಸಿದರು. ನೂರನೇ ಹೆಜ್ಜೆ, ಟ್ಯಾಂಕಿನ ಮೆಟ್ಟಿಲು, ನನ್ನದು.

ತಬಸ್ಸುಮ್ ‘ತಪ್ಪಿಹೋದ ಬಸ್ಸು’ ಎಂಬ ತನ್ನ ಹಾಡನ್ನು ಎತ್ತಿಕೊಂಡಳು. ಅವಳ ಕುತ್ತಿಗೆಯ ನರ ಉಬ್ಬುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು. ದ್ಯಾಮಣ್ಣನ ಕೈ ಏಳುತ್ತಿತ್ತು, ಬೀಳುತ್ತಿತ್ತು. ನಾನು ಉಸಿರು ಬಿಗಿಹಿಡಿದು ಕೇಳಿದೆ. ನನ್ನ ಎದೆಬಡಿತ ಕೇಳಿಸಿತು, ಟ್ಯಾಂಕಿನಿಂದ ತೊಟ್ಟಿಕ್ಕುವ ನೀರು ಕಾಲ ಬಳಿ ಕೇಳಿಸಿತು. ಮತ್ತೇನೂ ಇಲ್ಲ. ಹಾಡು ಮುಗಿಯಿತು. ಚೂಡಕ್ಕ ಪೆಟ್ಟಿಗೆಯ ಪಕ್ಕದಲ್ಲಿ ಕೈಯೆತ್ತಿ ನಿಂತರು. ಹತ್ತನೇ ಹೆಜ್ಜೆಯವರು ತಲೆಯಾಡಿಸಿದರು, ಇಪ್ಪತ್ತನೆಯವರು, ಮೂವತ್ತನೆಯವರು; ತಲೆಗಳು ಒಂದರ ಹಿಂದೊಂದು ಬಾಗುತ್ತಾ ಬಾಗುತ್ತಾ ನನ್ನವರೆಗೆ ಬಂದವು. ಮರದ ಹುಡಿಯಿಂದ ಬಿಳಿಯಾದ ಚೂಡಕ್ಕನ ಮುಖ ಅಷ್ಟು ದೂರದಿಂದ ನನ್ನತ್ತ ತಿರುಗಿತ್ತು. ನಾನು ತಲೆಯಾಡಿಸಿದೆ. ದೂರಕ್ಕೆ ಕಾಣಲೆಂದು ದೊಡ್ಡದಾಗಿ, ಎರಡು ಸಲ.

ಐದಕ್ಕೆ ತಬಸ್ಸುಮ್ ಓಡಿ ಬಂದು, “ನಿಂಗೂ ಕೇಳಿಸ್ತಾ? ನೂರು ಹೆಜ್ಜೆಗೂ? ಬರ್ಕೊಳ್ಳೇ, ಬರ್ಕೋ!” ಎಂದು ಕುಣಿದಳು. ಗ್ರಾಫ್ ಪುಸ್ತಕದಲ್ಲಿ ‘100 ಹೆಜ್ಜೆ, ಕೇಳಿಸಿತು’ ಎಂದು ಬರೆದೆ. ಆ ಪುಸ್ತಕದ ಮೊದಲ ಸುಳ್ಳು ಅದು. ಮನೆಗೆ ಹೋಗುವಾಗ ಅರವತ್ತನೇ ಹೆಜ್ಜೆಯಲ್ಲಿ ನಿಂತಿದ್ದ ಅಂಗಡಿ ಪುಟ್ಟರಾಜಪ್ಪನವರನ್ನು ಹಾಡು ಹೇಗಿತ್ತೆಂದು ಮೆಲ್ಲಗೆ ಕೇಳಿದೆ. “ಬಹಳ ಚೆನ್ನಾಗಿತ್ತಮ್ಮ. ದೇವರ ಹಾಡು ಯಾವತ್ತೂ ಚೆನ್ನಾಗೇ ಇರುತ್ತೆ” ಎಂದರು.

ಅದಕ್ಕೇ ಬುಧವಾರ ಬೆಳಿಗ್ಗೆ ಆ ಒಂದು ಸಾಲು. ಅವತ್ತು ನಾಲ್ಕಕ್ಕೆ ಚೂಡಕ್ಕ ಒಳ್ಳೆಯ ಹಲಗೆ ಕೊಯ್ಯುವವರಿದ್ದರು. ಕೊಯ್ದ ಮೇಲೆ ತಬಸ್ಸುಮ್ ಮತ್ತೆ ಹಾಡುತ್ತಾಳೆ, ಮೆಟ್ಟಿಲು ಮತ್ತೆ ತಲೆಯಾಡಿಸುತ್ತದೆ. ಈ ಸಲ ಅವಳಿಗೆ ಸಂಶಯವೂ ಬರುವುದಿಲ್ಲ, ಯಾಕೆಂದರೆ ನನ್ನ ಪುಸ್ತಕದಲ್ಲಿ ಬರೆದಿದೆ.

ಮೂರೂವರೆಗೆ ಶೆಡ್ಡಿಗೆ ಹೋದೆ. ಗ್ರಾಫ್ ಪುಸ್ತಕದಲ್ಲಿ ‘ಕೇಳಿಸಿತು’ ಎಂಬುದನ್ನು ಹೊಡೆದುಹಾಕಿ ‘ಕೇಳಿಸಲಿಲ್ಲ’ ಎಂದು ಬರೆದುಕೊಂಡಿದ್ದೆ. ತೋರಿಸಿದರಾಯಿತು, ಮಾತೇ ಬೇಕಾಗಿಲ್ಲ. ಚೂಡಕ್ಕ ಒಬ್ಬರೇ ಇದ್ದರು. ಹಲಗೆಯ ಮೇಲೆ ನೀಲಿ ದಾರ ಬಿಗಿದು, ಎತ್ತಿ ಬಿಟ್ಟು, ಗೆರೆ ಹೊಡೆಯುತ್ತಿದ್ದರು.

“ಬಾ ಮಗಾ. ಟೀ ಇದೆ, ಬಗ್ಗಿಸ್ಕೋ. ರಾತ್ರಿಯೆಲ್ಲ ಈ ಮೂಲೆಗಳದ್ದೇ ಯೋಚನೆ ನಂಗೆ” ಎಂದರು. “ನಮ್ಮಪ್ಪ ಬಾಗಿಲು ಮಾಡಿದ್ರು, ನಾನು ಬೆಂಚು ಮಾಡಿದೆ. ಎಲ್ಲಾ ಮುಚ್ಚೋದು, ಕೂರೋದು. ಕೇಳೋ ಅಂಥದ್ದು ಒಂದೂ ಮಾಡಿರ್ಲಿಲ್ಲ ನೋಡು. ನಿನ್ನೆ ನೀನು ಅಲ್ಲಿಂದ ತಲೆ ಹಾಕಿದೆಯಲ್ಲ, ನಮ್ಮಪ್ಪನ ಉಳಿಗೆ ಹೋಗಿ ಕೈ ಮುಗಿದುಬಿಟ್ಟೆ.”

ನಾನು ಪುಸ್ತಕ ಮುಂದೆ ಹಿಡಿದೆ. ಅವರು ಸೆರಗಿಗೆ ಕೈಯೊರೆಸಿಕೊಂಡು ಗೌರವದಿಂದ ಅದನ್ನು ತೆಗೆದುಕೊಂಡರು.

“ಅಕ್ಷರ ನಂಗೆ ಬರಲ್ಲ, ಅಳತೆ ಮಾತ್ರ ಓದ್ತೀನಿ.” ಬೆರಳು ಸಾಲಿನ ಮೇಲೆ ಹೋಗಿ ಒಂದು ಕಡೆ ನಿಂತಿತು. “ಒಂದು, ಸೊನ್ನೆ, ಸೊನ್ನೆ. ನೂರು! ಬರೆದೇಬಿಟ್ಟಿದೀಯ. ಸಂತೋಷ ಮಗಾ.” ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟರು.

ಟೀ ಲೋಟ ಕೆಳಗಿಟ್ಟೆ. ‘ಚೂಡಕ್ಕ’ ಎಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ, ಇನ್ನೂ ಕಂಬಳಿಯೂ ಬಿದ್ದಿರಲಿಲ್ಲ. ಅಷ್ಟರಲ್ಲಿ ತಬಸ್ಸುಮ್ ಸೈಕಲ್ ಒರಗಿಸಿ, “ತಡ ಆಯ್ತು, ತಡ ಆಯ್ತು” ಎನ್ನುತ್ತಾ ನುಗ್ಗಿದಳು. ನನ್ನ ಕೆನ್ನೆ ಹಿಂಡಿ, ಕೆಂಪು ಹಗ್ಗದಡಿ ನುಸುಳಿ, ಹಲಗೆಯ ಇನ್ನೊಂದು ತುದಿ ಹಿಡಿದಳು. ಹೊರಗೆ ಕಾಗೆ ಸುಮ್ಮನಾಯಿತು. ಚೂಡಕ್ಕ ಸ್ವಿಚ್ ಒತ್ತಿದರು. ಗರಗಸದ ಚಕ್ರ ಸದ್ದಿಲ್ಲದೆ ತಿರುಗಲು ಶುರುವಾಗಿ, ಹಲ್ಲುಗಳು ಕರಗಿ ಬೆಳ್ಳಿಯ ತಟ್ಟೆಯಾಯಿತು.

ಹಗ್ಗದ ಈಚೆ ನಾನು, ಆಚೆ ಅವರಿಬ್ಬರು. ಹದಿನೈದು ಹೆಜ್ಜೆ. ನನ್ನ ದನಿ ಒಂದೂವರೆ. ನಾನು ಎರಡೂ ಕೈ ಎತ್ತಿ ಬೀಸಿದೆ. ಚೂಡಕ್ಕ ಚಕ್ರ ತಿರುಗುವಾಗ ಅದರ ಮೇಲಿಂದ ಕಣ್ಣು ತೆಗೆಯುವವರಲ್ಲ. ತಬಸ್ಸುಮ್ ನೋಡಿದಳು. ಬೇಡ ಎಂದು ಜೋರಾಗಿ ಕೈಯಾಡಿಸಿದೆ. ಅವಳು ನಕ್ಕು, ತಲೆಯಾಡಿಸಿದಳು.

ಆ ತಲೆಯಾಡಿಸುವಿಕೆ ಎದುರಿನಿಂದ ಹೇಗೆ ಕಾಣುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಎಷ್ಟು ಪ್ರೀತಿ ಅದರಲ್ಲಿ, ಎಷ್ಟು ದೊಡ್ಡ ಬಾಗಿಲು ಮುಚ್ಚಿದ ಹಾಗೆ.

ಹಲಗೆಯ ಅಂಚು ಚಕ್ರದಿಂದ ಇನ್ನೂ ಮೊಳ ದೂರದಲ್ಲಿತ್ತು. ಚೂಡಕ್ಕ ನೀಲಿ ಗೆರೆಗೂ ಹಲ್ಲಿಗೂ ತಾಳೆ ನೋಡುತ್ತಿದ್ದರು, ಒಂದು ಕಣ್ಣು ಮುಚ್ಚಿ, ಅವಸರವಿಲ್ಲದೆ. ನಾನು ಸುತ್ತ ನೋಡಿದೆ. ಗೋಡೆಯ ಮೊಳೆಗೆ ಹಲಸಿನ ಕಹಳೆ ನೇತಾಡುತ್ತಿತ್ತು. ಎತ್ತಿಕೊಂಡೆ. ಪೆನ್ಸಿಲುಗಳು ಉದುರಿ ಕಾಲ ಮೇಲೆ ಬಿದ್ದವು, ಸದ್ದು ಬರಲಿಲ್ಲ. ಗಂಟಲಿಗೆ ತುರುಕಿದ್ದ ಬಟ್ಟೆ ಎಳೆದು ಬಿಸಾಕಿದೆ. ನಾಣ್ಯದಷ್ಟಗಲದ ತುದಿಯನ್ನು ತುಟಿಗೊತ್ತಿಕೊಂಡೆ. ಯಾರೂ ನೋಡದ ಒಳಗನ್ನೂ ಉಜ್ಜಿ ನುಣುಪು ಮಾಡಿದ ಆ ದಾರಿ ಹಳೆಯ ಹಲಸಿನ ವಾಸನೆ ಹೊಡೆಯುತ್ತಿತ್ತು. ಲೆಕ್ಕ ನನಗೆ ಬಾಯಿಪಾಠವಿತ್ತು. ಲೆಕ್ಕ ನಿಜವಾದರೆ ನಾನು ಕಿರುಚಬೇಕಾಗಿಲ್ಲ, ಇರುವಷ್ಟು ಉಸಿರು ಸಾಕು.

“ಚೂಡಕ್ಕಾ.”

ನನ್ನದಲ್ಲದಷ್ಟು ದೊಡ್ಡದಾಗಿ ಅದು ಹೊರಟಿತು. ಹಗ್ಗ ದಾಟಿತು, ಹಲಗೆಗಳನ್ನು ದಾಟಿತು. ಕಂಬಳಿಯ ಹೊತ್ತಿನಲ್ಲಿ ಯಾರೂ ತಮ್ಮನ್ನು ಅಷ್ಟು ದೂರದಿಂದ ಕರೆದದ್ದಿಲ್ಲವೆಂಬಂತೆ ಚೂಡಕ್ಕ ಹಲಗೆಯನ್ನು ಹಿಂದಕ್ಕೆಳೆದು ಸ್ವಿಚ್ ಆರಿಸಿದರು. ಆಮೇಲೆ ಕಣ್ಣೆತ್ತಿದರು. ಅವರು ನೋಡಿದ್ದು ಮೊದಲು ನನ್ನನ್ನಲ್ಲ, ನನ್ನ ಕೈಯಲ್ಲಿದ್ದ ತಮ್ಮ ಕೆಲಸವನ್ನು. ಬೆಳ್ಳಿಯ ತಟ್ಟೆ ನಿಧಾನವಾಗಿ ಮತ್ತೆ ಹಲ್ಲುಗಳಾಯಿತು. ತಬಸ್ಸುಮ್ ಅಭ್ಯಾಸಬಲದಿಂದ ತಲೆಯಾಡಿಸಲು ಹೊರಟು, ಅರ್ಧಕ್ಕೆ ನಿಲ್ಲಿಸಿದಳು. ಇಬ್ಬರೂ ಕಾಯುತ್ತಿದ್ದರು. ಕಹಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ತುಟಿಗಿಟ್ಟುಕೊಂಡೆ.

“ನಿನ್ನೆ ಮೆಟ್ಟಿಲ ಮೇಲೆ ನನಗೆ ಏನೂ ಕೇಳಿಸಲಿಲ್ಲ.”